ಕೊಸ್ಮಸ್ ನುಡಿಸದ ಪಕ್ಕವಾದ್ಯ

ಕೊಲ್ಲಿನಾಡಿನ ಸನದ್ ಎಂಬ ಊರಿನ ಏಸಿ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ಕೊಸ್ಮಸ್ ಮಂಗಳೂರಿನ ಕುಲಶೇಖರದವನು. ಹತ್ತಿರದ ಮನಾಮಾ ನಗರದ ಇಗರ್ಜಿಯಲ್ಲಿ ಪಿಟೀಲು ನುಡಿಸುತ್ತಿದ್ದ. ಅದನ್ನು ಕೇಳಿದ ಡೊರೀನ್ ಎಂಬ ಇಂಗ್ಲೆಂಡಿನ ಟೀಚರ್ ಅವನನ್ನು ತಮ್ಮ ಹಾಡುಕೂಟಕ್ಕೆ ಕರೆದರು. ಅಲ್ಲಿ ಶುಕ್ರವಾರವೇ ವಾರದ ರಜೆ; ತಿಂಗಳಿಗೊಂದು ಶುಕ್ರವಾರ ಸಂಜೆ ಇಂಗ್ಲೆಂಡಿನ ಹತ್ತಿಪ್ಪತ್ತು ಜನ ಸೇರಿ ತಮ್ಮೂರಿನ ಹಳೆಯ ಜನಪದ ಹಾಡುಗಳನ್ನು ಹಾಡುತ್ತಿದ್ದರು.

ಆ ಹಾಡುಗಳಿಗೆ ಮೊದಲಿಂದಲೂ ವಾದ್ಯದ ಹಂಗಿಲ್ಲ. ಹಾಡುವವರು ಮನಸ್ಸು ಬಂದಲ್ಲಿ ಎಳೆಯುತ್ತಾರೆ, ಮನಸ್ಸು ಬಂದಲ್ಲಿ ನಿಲ್ಲಿಸುತ್ತಾರೆ. ತಾಳ ಎಣಿಸಲು ಹೋದವನು ಕೆಟ್ಟ. ಕೊಸ್ಮಸ್ ಎಣಿಸಲಿಲ್ಲ. ಊರಿನ ಮದುವೆಮನೆಗಳಲ್ಲಿ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸಿನ ದಿನ ಅಜ್ಜಿಯರು ಹೇಳುವ ಹಾಡಿಗೆ ಪಿಟೀಲು ಹಿಡಿದು ಬೆಳೆದವನು ಅವನು. ಅಜ್ಜಿ ಉಸಿರು ತೆಗೆದುಕೊಳ್ಳುವವರೆಗೆ ಕಮಾನನ್ನು ತಂತಿಯ ಮೇಲೆ ತಡೆದು ಹಿಡಿಯಬೇಕು. ಆತುರಪಟ್ಟರೆ ಬೈಗುಳ ಗ್ಯಾರಂಟಿ. ಡೊರೀನ್ ಹಾಡುವಾಗಲೂ ಅವನು ಹಾಗೆಯೇ ಕಾದ. ನಾಲ್ಕು ವರ್ಷ ಇದು ಚೆನ್ನಾಗಿ ನಡೆಯಿತು.

೨೦೧೦ರ ವಾರ್ಷಿಕ ಕಾರ್ಯಕ್ರಮ ಹತ್ತಿರ ಬಂದಾಗ ಕೂಟದ ಕಾರ್ಯದರ್ಶಿ ಫೋನ್ ಮಾಡಿದ. "ಈ ಸಲ ಶುದ್ಧ ಸಂಪ್ರದಾಯ, ಕೊಸ್ಮಸ್. ವಾದ್ಯ ಇಲ್ಲ. ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ."

ಕೊಸ್ಮಸ್ ಒಪ್ಪಿದ. ಅವರ ಅಜ್ಜಿಯರ ಹಾಡು, ಅವರ ಇಷ್ಟ. ಹೆಂಡತಿ ಕಾರ್ಮಿನ್‌ಗೆ ಮಾತ್ರ ಸಿಟ್ಟು. "ನಾಲ್ಕು ವರ್ಷ ಇವರ ಸಂಪ್ರದಾಯ ಎಲ್ಲಿ ಮಲಗಿತ್ತಂತೆ? ನೀವೊಬ್ಬರು ಪಾಪದವರು ಮಾರಾಯ್ರೆ, ಯಾರು ಎಂತ ಹೇಳಿದ್ರೂ ನಂಬುದು."

ಆದರೂ ಹಾಡು ಕೇಳಲೆಂದು ಆ ಶುಕ್ರವಾರ ಇಬ್ಬರೂ ಇಗರ್ಜಿಯಿಂದ ನೇರ ಸಭಾಂಗಣಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಪರದೆ ಸರಿದರೆ ಏನು ಕಾಣಬೇಕು? ಡೊರೀನ್ ಪಕ್ಕದಲ್ಲಿ ಗಿಟಾರ್ ಹಿಡಿದು ಕೂತ ಒಬ್ಬ ಬಿಳಿಯ, ಇಂಗ್ಲೆಂಡಿನಿಂದ ಆಗಷ್ಟೇ ಬಂದ ಬ್ಯಾಂಕಿನವನು! ಕೊಸ್ಮಸನ ಮೈ ಉರಿದುಹೋಯಿತು. ಅವರಿಗೆ ವಾದ್ಯ ಬೇಕಿತ್ತು, ಅವನೊಬ್ಬ ಬೇಡವಾಗಿದ್ದ. ಅದನ್ನು ಮುಖ ಕೊಟ್ಟು ಹೇಳುವ ಧೈರ್ಯವಿಲ್ಲದೆ ಸತ್ತುಹೋದ ಅಜ್ಜಿಯರನ್ನು ಮುಂದೆ ಮಾಡಿದರಲ್ಲ, ನಾಚಿಕೆಗೆಟ್ಟವರು.

ಬ್ಯಾಂಕಿನವನು ಗಡಿಯಾರ ನುಂಗಿದವನಂತೆ ಬಾರಿಸಿದ. ಡೊರೀನ್ ಒಂದು ಪದ ಎಳೆಯುವಷ್ಟರಲ್ಲಿ ಅವನು ಮುಂದಿನ ಸಾಲಿನಲ್ಲಿರುತ್ತಿದ್ದ. ಎರಡನೇ ಚರಣದಲ್ಲಿ ಅವರು ದಾರಿ ತಪ್ಪಿ ನಿಂತೇಬಿಟ್ಟರು. ಕಾರ್ಯದರ್ಶಿ ಬಗ್ಗಿಕೊಂಡು ಕೊಸ್ಮಸನ ಹತ್ತಿರ ಓಡಿಬಂದ. "ಪಿಟೀಲು ಕಾರಿನಲ್ಲಿದೆಯಾ? ಸ್ವಲ್ಪ ಸಹಾಯ ಮಾಡಿ."

"ಇದೆ. ತರುವುದಿಲ್ಲ," ಎಂದ ಕೊಸ್ಮಸ್, ಎದ್ದು ನಿಂತು, ಎಲ್ಲರಿಗೂ ಕೇಳುವಂತೆ. "ವಾದ್ಯ ಇಲ್ಲ ಎಂದು ನನಗೆ ಫೋನ್ ಮಾಡಿದವರು ನೀವು. ಮೊದಲು ಆ ಗಿಟಾರನ್ನು ಕೆಳಗಿಡಿಸಿ."

ವೇದಿಕೆಯಿಂದ ಡೊರೀನ್ ಕಾರ್ಯದರ್ಶಿಯನ್ನು ದುರುಗುಟ್ಟಿ ನೋಡಿದರು. "ಕೊಸ್ಮಸ್‌ಗೆ ಹುಷಾರಿಲ್ಲ ಎಂದಿದ್ದಿರಲ್ಲ?"

ಡೊರೀನ್ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಮೆಟ್ಟಿಲಿಳಿದು, ಹಿಂದಿನ ಸಾಲಿಗೆ ಬಂದು ಕಾರ್ಮಿನ್ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು.