ಬಂದವರಿಗೆ ಒಂದು ರೂಮು

ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟ ನೆಂಟರು ಹಂಗಳದ ಗುರುಸಿದ್ದಯ್ಯನವರ ಮನೆಗೆ ಕಾಲಿಡದೆ ಮುಂದೆ ಹೋದದ್ದಿಲ್ಲ. ಹೋಗಲು ಅವರು ಬಿಟ್ಟದ್ದೂ ಇಲ್ಲ. ಬೆಟ್ಟದ ರಸ್ತೆಗೇ ಮುಖ ಮಾಡಿದ ಹೆಂಚಿನ ಮನೆ, ಅದರ ಜಗಲಿ ಮೇಲೆ ಇವರು. ಗುರುತಿನ ಮುಖ ಕಂಡರೆ ಸಾಕು, ಪಂಚೆ ಎತ್ತಿ ಕಟ್ಟಿ ರಸ್ತೆಗೇ ಇಳಿದುಬಿಡುತ್ತಿದ್ದರು.

"ಮೊದ್ಲು ಬಂದು ಒಂದ್ ಲೋಟ ಕಾಪಿ ಕುಡೀರಿ. ದೇವ್ರು ಎಲ್ಲಿಗೋದಾನು, ಬೆಟ್ಟದ ಮೇಲೇ ಇರ್ತಾನೆ."

ಆ ಕಾಫಿ ಊಟಕ್ಕೆ ತಿರುಗುತ್ತಿತ್ತು, ಊಟ ಹಾಸಿಗೆಗೆ ತಿರುಗುತ್ತಿತ್ತು. ಶ್ರಾವಣದ ಶನಿವಾರ ಬಂತೆಂದರೆ ಚಂದಕವಾಡಿಯ ಬೀಗರು, ಆ ಬೀಗರ ಬೀಗರು, ಅವರ ಕಾರಿನ ಡ್ರೈವರು, ಎಲ್ಲರೂ ಅಲ್ಲೇ. ಒಮ್ಮೆ ಚೆಂಡು ಹೂವು ತುಂಬಲು ಬಂದ ಕೇರಳದ ಲಾರಿ ಡ್ರೈವರೊಬ್ಬ ಜ್ವರ ಹಿಡಿದು, ವಾರ ಪೂರ್ತಿ ಇವರ ಮನೆಯಲ್ಲಿ ಮಲಗಿ, ಚೆನ್ನಾಗಿ ಎದ್ದುಹೋದ. ಅವನ ಹೆಸರು ಮನೆಯವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಗಂಜಿ ಜೊತೆ ಉಪ್ಪಿನಕಾಯಿ ಕೇಳುತ್ತಿದ್ದ ಎಂಬುದಷ್ಟೇ ನೆನಪು.

ಇಷ್ಟೆಲ್ಲ ಉಪಚಾರದ ಹೆಸರು ಗುರುಸಿದ್ದಯ್ಯನವರದು, ಕೆಲಸ ಅವರ ಹೆಂಡತಿ ಶಾಂತಮಲ್ಲಮ್ಮನದು. ನೆಂಟರು ಉಳಿದುಕೊಂಡರೆ ಆಕೆಯ ಮಂಚ ನೆಂಟರಿಗೆ ಹೋಗುತ್ತಿತ್ತು. ಆಕೆ ಹಿಂದಿನ ಕೋಣೆಯಲ್ಲಿ ಅರಿಶಿನದ ಮೂಟೆಗಳ ಪಕ್ಕ ಚಾಪೆ ಬಿಡಿಸಿಕೊಳ್ಳುತ್ತಿದ್ದಳು. ಇದು ಸರಿಯಲ್ಲ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಆಕೆಗೂ ಬಹಳ ವರ್ಷ ಅನ್ನಿಸಿರಲಿಲ್ಲ, ಮಂಡಿ ನೋವು ಶುರುವಾಗುವ ತನಕ.

ಹಳೆ ಮನೆಯ ಗೋಡೆ ಉಬ್ಬಿ, ಪಕ್ಕದ ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಗುಂಡ್ಲುಪೇಟೆಯಲ್ಲಿ ಮೇಷ್ಟ್ರಾಗಿರುವ ಮಗ ಗಿರೀಶ್ ಅಲ್ಲಿನ ಇಂಜಿನಿಯರ್ ಒಬ್ಬರ ಕೈಲಿ ಪ್ಲಾನ್ ಬರೆಸಿ ತಂದ. ಕೆಳಗಡೆ ಅಪ್ಪ ಅವ್ವನಿಗೊಂದು ರೂಮು, ಹಾಲು, ಅಡುಗೆಮನೆ, ದೇವರ ಮನೆ. ಮೇಲೆ ಇವನ ಸಂಸಾರ. ಗುರುಸಿದ್ದಯ್ಯನವರು ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು.

"ಎಲ್ಲಾ ಸರಿ ಕಣ್ಲಾ. ಬಂದೋರು ಎಲ್ಲಿರ್ತಾರೆ ಇದ್ರಲ್ಲಿ?"

ಅಲ್ಲಿಂದ ಪ್ಲಾನು ಅವರ ಕೈಗೆ ಹೋಯಿತು, ಮತ್ತೆ ವಾಪಸು ಬರಲಿಲ್ಲ. ಪಂಕ್ತಿ ಹಾಕಿ ಊಟಕ್ಕೆ ಕೂರಿಸುವಂಥ ಹಾಲು ಬಂತು. ನೆಂಟರಿಗೆಂದು ಹಿಂದೆ ಒಂದು ರೂಮು ಬಂತು. ಬೆಟ್ಟ ಕಾಣುವ ಮೂಲೆಯ ದೊಡ್ಡ ರೂಮು, ಬಾತ್‌ರೂಮು ಸಮೇತ, ಮಠದ ಸ್ವಾಮಿಗಳಿಗೆಂದು ಮೀಸಲಾಯಿತು. ಸ್ವಾಮಿಗಳು ಇದುವರೆಗೆ ಒಮ್ಮೆಯೂ ಬಂದವರಲ್ಲ. ಇಳಿಸಲು ತಕ್ಕ ರೂಮಿಲ್ಲದಿದ್ದುದೇ ಅದಕ್ಕೆ ಕಾರಣ ಎಂದು ಗುರುಸಿದ್ದಯ್ಯನವರು ಗಟ್ಟಿಯಾಗಿ ನಂಬಿದ್ದರು. ಉಳಿದ ಜಾಗ ಬಂದವರ ಕಾರುಗಳಿಗೆ. ಮನೆಯವರೆಲ್ಲ ಮೆಟ್ಟಿಲು ಹತ್ತಿ ಮೇಲೆ.

"ಮಾವ, ಒಂದು ಬೋರ್ಡೂ ಬರೆಸ್ಬುಡಿ," ಎಂದಳು ಸೊಸೆ ತೇಜಸ್ವಿನಿ. "ಛತ್ರ ಅಂತ ದೂರದಿಂದ್ಲೇ ಗೊತ್ತಾಗ್ಲಿ."

ಸೊಸೆ ಮೆಚ್ಚಿ ಹೇಳಿದಳೆಂದೇ ಅವರು ತಿಳಿದರು.

ಶಾಂತಮಲ್ಲಮ್ಮ ಒಂದು ಸಂಜೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನೇರವಾಗಿಯೇ ಕೇಳಿದ್ದಳು: "ಮೆಟ್ಲು ಹತ್ತಕಾದದಾ ನನ್ ಕೈಲಿ?"

"ಅದ್ಕೇನೀಗ, ಕೈ ಹಿಡ್ಕೊಳಕೆ ರೈಲಿಂಗ್ ಹಾಕ್ಸ್ತೀನಿ ಬುಡು. ಸ್ಟೀಲ್ದು," ಎಂದರು ಗುರುಸಿದ್ದಯ್ಯನವರು. ಸ್ಟೀಲು ಎಂದಮೇಲೆ ಮಾತು ಮುಗಿಯಿತು ಎಂಬಂತೆ ಎದ್ದು ಜಗಲಿಗೆ ಹೋದರು.

ಪಾಯ ತೆಗೆಯಲು ಸೋಮವಾರ ಒಳ್ಳೆಯ ದಿನ ಸಿಕ್ಕಿತ್ತು. ಭಾನುವಾರ ಬೆಳಿಗ್ಗೆ ಮೇಸ್ತ್ರಿ ದೇವರಾಜು ಬಂದು ದಾರ ಕಟ್ಟಿ, ಸುಣ್ಣದ ಪುಡಿ ಉದುರಿಸಿ, ಇಡೀ ಮನೆಯನ್ನು ನೆಲದ ಮೇಲೆ ಬೆಳ್ಳಗೆ ಎಳೆದ. ಗುರುಸಿದ್ದಯ್ಯನವರ ಸಂಭ್ರಮ ನೋಡಬೇಕಿತ್ತು. ಇಲ್ಲದ ಬಾಗಿಲಿನಿಂದ ಒಳಗೆ ಬಂದರು, ಇಲ್ಲದ ಗೋಡೆಯನ್ನು ಬಳಸಿ ನಡೆದರು. ಗಿರೀಶ್ ಅವಸರದಲ್ಲಿ ಗೆರೆ ದಾಟಿದ್ದಕ್ಕೆ, "ಗೋಡೆ ಮೇಲೆ ನಡೀತೀಯಲ್ಲಾ, ಬಾಗ್ಲಲ್ಲಿ ಬಾರ್ಲಾ," ಎಂದು ಬೈದರು. ಅವ್ವನ ರೂಮಿನ ಮಾತು ಎತ್ತಬೇಕೆಂದೇ ಬಂದಿದ್ದ ಗಿರೀಶ್ ಅದನ್ನು ನುಂಗಿಕೊಂಡ.

ಹಳೆ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಶಾಂತಮಲ್ಲಮ್ಮ ಇದನ್ನೆಲ್ಲ ನೋಡಿದಳು. ನಾಳೆ ಮಣ್ಣು ಅಗೆದರೆ ಆಮೇಲೆ ಹೇಳಿ ಪ್ರಯೋಜನವಿಲ್ಲ. ಒಳಗೆ ಹೋದಳು. ಬರುವಾಗ ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದಳು, ತವರಿಗೆ ಹೋಗುವ ಬ್ಯಾಗು ಕೈಯಲ್ಲಿತ್ತು. ಹಿತ್ತಿಲಿನಿಂದ ಬಾರದೆ ರಸ್ತೆಗೆ ಹೋಗಿ, ಸುತ್ತಿ ಬಂದು, ಹೊಸ ಮನೆಯ ಬಾಗಿಲ ಗೆರೆಯ ಆಚೆಗೆ ನಿಂತಳು.

"ಯಾರಾದ್ರೂ ಇದ್ದೀರಾ ಮನೇಲಿ?"

ಹಾಲಿನ ನಡುವೆ ನಿಂತಿದ್ದ ಗುರುಸಿದ್ದಯ್ಯನವರು ತಿರುಗಿ ನೋಡಿ ನಕ್ಕರು. ಆದರೆ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತವರನ್ನು ಕಂಡರೆ ಅವರ ನಾಲಿಗೆ ಅವರ ಮಾತು ಕೇಳುವುದಿಲ್ಲ.

"ಬನ್ನಿ, ಬನ್ನಿ. ಬಿಸ್ಲಲ್ಲಿ ಯಾಕ್ ನಿಂತ್ಕೊಂಡ್ರಿ, ಒಳಗ್ ಬನ್ನಿ."

"ಬೆಟ್ಟಕ್ಕೆ ಹೊಂಟಿದ್ದೆ. ಮಂಡಿ ನೋವು, ಮುಂದಕ್ಕೆ ಆಗಕಿಲ್ಲ. ಇಳ್ಕೊಳಕೆ ಜಾಗ ಅದಾ?"

"ಇಲ್ದೆ ಏನು? ಇಷ್ಟು ದೊಡ್ ಮನೆ ಯಾಕ್ ಕಟ್ಟಿರೋದು?" ಆಟಕ್ಕೆಂದು ಶುರು ಮಾಡಿದವರಿಗೆ ಹುರುಪು ಏರಿಬಿಟ್ಟಿತು. ಮುಂದೆ ಮುಂದೆ ನಡೆದು ಮೂಲೆಯ ರೂಮಿಗೇ ಕರೆದೊಯ್ದರು. "ಇಲ್ಲಿರಿ ನೀವು. ಮೆಟ್ಲು ಗಿಟ್ಲು ಏನಿಲ್ಲ. ಬಾತ್‌ರೂಮು ಇಲ್ಲೇ, ರಾತ್ರಿ ಎದ್ರೆ ದೂರ ಹೋಗಂಗಿಲ್ಲ. ಕಿಟ್ಕಿ ತೆಗುದ್ರೆ ಬೆಟ್ಟ ಕಾಣ್ತದೆ. ಮಲ್ಗಿದ್ದಂಗೇ ಕೈ ಮುಗೀಬೋದು."

ಶಾಂತಮಲ್ಲಮ್ಮ ಗೆರೆ ತುಳಿಯದೆ ಬಾಗಿಲಲ್ಲೇ ಒಳಗೆ ಬಂದಳು. ಬ್ಯಾಗು ಕೆಳಗಿಟ್ಟು, ಪಾಯಕ್ಕೆಂದು ತಂದಿದ್ದ ಒಂದು ಕಲ್ಲಿನ ಮೇಲೆ ನಿಧಾನವಾಗಿ, ಹಲ್ಲು ಕಚ್ಚಿ ಕುಳಿತಳು.

"ಎಷ್ಟ್ ದಿನ ಇರ್ಬೋದು?"

"ದಿನ ಕೇಳೋ ಮನೆಯಾ ಇದು? ಬಂದೋರು ಇರೋವಷ್ಟು ದಿನ ಇರ್ಬೇಕು."

"ಹಂಗಾರೆ ನಾನು ಹೋಗಕಿಲ್ಲ," ಎಂದಳು ಶಾಂತಮಲ್ಲಮ್ಮ.

ಮೇಸ್ತ್ರಿ ದೇವರಾಜು ಸರಿಯಾಗಿಯೇ ಇದ್ದ ದಾರವನ್ನು ಬಗ್ಗಿ ಮತ್ತೆ ಸರಿಮಾಡತೊಡಗಿದ. ತೇಜಸ್ವಿನಿ ಸೆರಗು ಬಾಯಿಗಿಟ್ಟುಕೊಂಡಳು. ಗುರುಸಿದ್ದಯ್ಯನವರ ನಗು ಅರ್ಧದಲ್ಲೇ ನಿಂತಿತು. ಇರೋವಷ್ಟು ದಿನ ಇರಿ ಎಂಬ ಮಾತನ್ನು ಅವರು ಬೀಗರಿಗೆ ಹೇಳಿದ್ದರು, ಡ್ರೈವರುಗಳಿಗೆ ಹೇಳಿದ್ದರು, ಹೆಸರು ಗೊತ್ತಿಲ್ಲದವನಿಗೂ ಹೇಳಿದ್ದರು. ಇವಳಿಗೆ ಹೇಳಿದ್ದು ಇದೇ ಮೊದಲು, ಅದೂ ಇವಳು ನೆಂಟರಂತೆ ಬಂದು ಕೇಳಿದ ಮೇಲೆ. ಸೀರೆಯ ಅಂಚಿನ ಕೆಳಗೆ ಆಕೆಯ ಕಾಲು ಊದಿಕೊಂಡದ್ದು ಕಂಡಿತು. ಅವರಿಗೆ ನಾಚಿಕೆಯಾಯಿತು. ಆದರೂ ಮನುಷ್ಯ ಒಂದೇ ಸಲಕ್ಕೆ ಸೋಲುತ್ತಾನೆಯೇ?

"ಅಲ್ಲಾ, ಸ್ವಾಮಿಗೋಳು ಬಂದ್ರೆ?"

"ಅವ್ರ್ ಮಂಡಿ ಗಟ್ಟಿಯಾಗೇ ಅದೆ. ಮ್ಯಾಲಕ್ಕೆ ಹೋಗ್ಲಿ."

ಗುರುಸಿದ್ದಯ್ಯನವರು ಬೆಟ್ಟದ ಕಡೆ ಒಂದು ಸಲ ನೋಡಿದರು. ಆಮೇಲೆ ದೇವರಾಜುಗೆ, "ಇದು ನಮ್ ರೂಮು ಕಣ್ಲಾ, ಬಾಗ್ಲು ಸ್ವಲ್ಪ ಅಗ್ಲ ಇಡು," ಎಂದರು. ಕೆಲಸದವರಿಗೆಂದು ತಂದಿಟ್ಟಿದ್ದ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ, ತಾವೇ ತಂದು ಹೆಂಡತಿಯ ಕೈಗೆ ಕೊಟ್ಟರು.

ಶಾಂತಮಲ್ಲಮ್ಮ ಒಂದು ಗುಟುಕು ಕುಡಿದಳು. "ಸಕ್ರೆ ಕಮ್ಮಿ."

ಬಂದವರು ಸಕ್ಕರೆ ಕಮ್ಮಿ ಎಂದರೆ ಗುರುಸಿದ್ದಯ್ಯನವರ ಮಾನ ಹೋದ ಹಾಗೆ. ದಡಬಡನೆ ಹಳೆ ಮನೆಯ ಅಡುಗೆಮನೆಗೆ ನಡೆದರು. ಸ್ವಲ್ಪ ಹೊತ್ತು ಡಬ್ಬಗಳ ಸದ್ದು ಕೇಳಿತು. ಆಮೇಲೆ ಕಿಟಕಿಯಲ್ಲಿ ಅವರ ತಲೆ ಕಾಣಿಸಿತು.

"ಗಿರೀಸನವ್ವ, ಸಕ್ರೆ ಡಬ್ಬ ಎಲ್ಲದೆ?"

ಶಾಂತಮಲ್ಲಮ್ಮ ಬೆಟ್ಟ ನೋಡುತ್ತ, ಇಲ್ಲದ ಗೋಡೆಗೆ ಒರಗುವಷ್ಟು ಆರಾಮಾಗಿ ಕುಳಿತಿದ್ದಳು.

"ನಂಗೇನ್ ಗೊತ್ತು? ನಾನು ಬಂದೋಳು."

ಗುರುಸಿದ್ದಯ್ಯನವರು ತಲೆ ಒಳಗೆಳೆದುಕೊಂಡು, ಮೇಲಿನ ಹಲಗೆಯಿಂದ ಡಬ್ಬಗಳನ್ನು ಒಂದೊಂದಾಗಿ ಇಳಿಸಿ ಮುಚ್ಚಳ ತೆಗೆದು ನೋಡತೊಡಗಿದರು.