ಅಕ್ಕನ ಕಾಲಿನ ಕೀವು

ನಮ್ಮ ಕಡೆ ಗಾಯವಾದರೆ ಕ್ಯಾಪ್ಸೂಲಿನ ಟೋಪಿ ಬಿಚ್ಚಿ ಪುಡಿ ಉದುರಿಸುತ್ತಾರೆ. ಕೂಡ್ಲಿಗಿಯಿಂದ ಹಡಗಲಿವರೆಗೆ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ, ದೇವರ ಗೂಡಿನ ಪಕ್ಕ ಒಂದೆರಡು ಕ್ಯಾಪ್ಸೂಲು ಇದ್ದೇ ಇರುತ್ತವೆ. ಜ್ವರ ಬಿಟ್ಟ ಕೂಡಲೇ ನುಂಗುವುದನ್ನೂ ಬಿಟ್ಟು ಎತ್ತಿಟ್ಟವು. ತಂಬ್ರಹಳ್ಳಿಯ ನನ್ನಕ್ಕನಂತೂ ಇದರಲ್ಲಿ ಇಡೀ ಓಣಿಗೇ ಡಾಕ್ಟರು.

ನನ್ನದೋ, ಇದರದೇ ಸಂಶೋಧನೆ. ಯಾವ ರೋಗಾಣು ಯಾವ ಔಷಧಿಗೆ ಸಾಯುತ್ತದೆ, ಯಾವುದು ಜಗ್ಗುವುದಿಲ್ಲ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕೆಲಸ. ಅಕ್ಕನಿಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು.

"ಅರ್ಧಂಬರ್ಧ ನುಂಗಬ್ಯಾಡಕ್ಕ. ಹುಳ ಸಾಯಂಗಿಲ್ಲ, ಇನ್ನೂ ಗಟ್ಟಿ ಆಗ್ತಾವ."

"ಏ ಸುಮ್ನಿರವ್ವ. ನೀ ಹುಟ್ಟೋಕಿಂತ ಮುಂಚಿಂದ ಹಿಂಗ ಮಾಡ್ತೀವಿ. ಯಾರು ಸತ್ತಾರ?"

ಹೋದ ವರ್ಷ ಮೆಕ್ಕೆಜೋಳ ಕೊಯ್ಯುವಾಗ ಕುಡುಗೋಲು ಅವಳ ಪಾದಕ್ಕೆ ತಾಗಿತು. ಮೊದಲೇ ಸಕ್ಕರೆ ಕಾಯಿಲೆ. ಪುಡಿ ಉದುರಿಸಿ ಬಟ್ಟೆ ಸುತ್ತಿದಳು. ಮೇಲೆ ಒಣಗಿತು, ಒಳಗೆ ಕೀವು ತುಂಬಿತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಾಲು ಕುಂಬಳಕಾಯಿಯಾಗಿತ್ತು. ಡಾಕ್ಟರು ಕೀವನ್ನು ಪರೀಕ್ಷೆಗೆ ಕಳಿಸಿದ್ದು ನಮ್ಮ ಲ್ಯಾಬಿಗೇ.

ರೋಗಾಣು ಬೆಳೆದ ತಟ್ಟೆಯನ್ನು ನಾನೇ ತೆಗೆದು ನೋಡಿದೆ. ಅದರ ಮೇಲೆ ಒಂದೊಂದು ಔಷಧಿ ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಟ್ಟಿರುತ್ತೇವೆ. ಔಷಧಿ ನಾಟಿದರೆ ಅದರ ಬಿಲ್ಲೆಯ ಸುತ್ತ ರೋಗಾಣು ಸತ್ತು ಖಾಲಿ ಜಾಗ ಕಾಣಬೇಕು. ಒಂದರ ಸುತ್ತಲೂ ಇಲ್ಲ. ಎಲ್ಲ ಬಿಲ್ಲೆಗಳ ಅಂಚಿನವರೆಗೂ ಹುಲುಸಾಗಿ ಬೆಳೆದಿತ್ತು, ದರಿದ್ರದ್ದು! ಇಷ್ಟು ವರ್ಷ ಓದಿದ್ದೆಲ್ಲ ಯಾತಕ್ಕೆ ಬಂತು ಅನ್ನಿಸಿತು.

ವಾರ್ಡಿಗೆ ಹೋದೆ. ಅಕ್ಕ ಜ್ವರದಲ್ಲೇ ಕೇಳಿದಳು, "ಯಾವ ಗುಳಿಗಿ ನಡೀತೈತಂತವ್ವಾ?"

"ಹುಡುಕಾಕತ್ತೀವಕ್ಕ."

"ನೀ ಅದೀಯಲ್ಲ. ನಂಗೇನು ಭಯ ಇಲ್ಲ ತಗ."

ಕಾಲು ತೆಗೆದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಇಳಿದಿತ್ತು. ಅಕ್ಕ ಹೋದಳು.

ಅವಳ ಪುಡಿಯೇ ಅವಳನ್ನು ಕೊಂದಿತು ಅನ್ನುವವರಿದ್ದಾರೆ. ನನಗೆ ಹಾಗೆನ್ನಲು ಬಾಯಿ ಬರುವುದಿಲ್ಲ. ಇಂಥ ಮೊಂಡ ರೋಗಾಣು ಕೋಳಿ ಫಾರಂನಲ್ಲೂ ಸಿಗುತ್ತದೆ, ಆಸ್ಪತ್ರೆಯ ಮೋರಿಯಲ್ಲೂ ಸಿಗುತ್ತದೆ. ಯಾರನ್ನಂತ ಬೈಯಲಿ?

ಅವಳ ಕೀವಿನ ರೋಗಾಣು ನಮ್ಮ ಫ್ರೀಜರಿನಲ್ಲಿ ಜೀವಂತವಾಗಿದೆ. ರೋಗಾಣುವನ್ನೇ ತಿಂದು ಬದುಕುವ ವೈರಸ್ಸುಗಳು ಕೊಳಚೆ ನೀರಿನಲ್ಲಿರುತ್ತವೆ. ಔಷಧಿ ಸೋತಲ್ಲಿ ಅವಾದರೂ ಗೆದ್ದಾವೇ ಎಂದು ಕೊಟ್ಟೂರು, ಹರಪನಹಳ್ಳಿ, ಸುತ್ತಲ ಹಳ್ಳಿಗಳ ಮೋರಿ ನೀರು ತಂದು ಸೋಸಿ ಅದರ ಮೇಲೆ ಬಿಡುತ್ತೇವೆ. ಮನುಷ್ಯರಿಗೆ ಕೊಡುವ ಮದ್ದಾಗಲು ಇನ್ನೆಷ್ಟು ವರ್ಷವೋ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನನ್ನ ಕೆಲಸ.

ಮೊನ್ನೆ ಒಂದು ತಟ್ಟೆಯಲ್ಲಿ ಹನಿ ಬಿದ್ದಲ್ಲೆಲ್ಲ ರೋಗಾಣು ಸತ್ತು ತಿಳಿಯಾಗಿತ್ತು. ಜೊತೆಯವರು ಚಪ್ಪಾಳೆ ತಟ್ಟಿದರು. ಯಾವೂರ ನೀರು ಇದು ಎಂದು ಒಬ್ಬರು ಕೇಳಿದರು.

ತಂಬ್ರಹಳ್ಳಿಯದು, ನಮ್ಮಕ್ಕನ ಮನೆ ಮುಂದಿನ ಮೋರಿಯದು ಎಂದೆ. ಅವಳು ಸಾಯುವಾಗಲೂ ಅದು ಅಲ್ಲೇ ಹರಿಯುತ್ತಿತ್ತು.