ಗಾಳಿ ಹೆಚ್ಚಾದ ಕಾರು

ಮೊನ್ನೆ ಬಿಣಗಾದ ಹತ್ತಿರ ನನ್ನ ಕಾರಿನ ಮುಂದೆ ಒಂದು ಹಳೇ ಕಾರು ತಡವರಿಸುತ್ತ ಹೋಗುತ್ತಿತ್ತು. ಕಿಟಕಿಯಿಂದ ಒಳಬಂದ ಹಸಿ ಪೆಟ್ರೋಲಿನ ವಾಸನೆಗೆ ಚೆಂಡಿಯಾ ಊರಿನ ನಮ್ಮ ಮನೆ ಕಣ್ಣೆದುರು ಎದ್ದು ಬಂತು. ಮೀನು ಒಣಗಿಸುವ ಅಂಗಳ, ಗೋಡೆಗೆ ಒರಗಿಸಿಟ್ಟ ಬಲೆ, ತೆಂಗಿನ ಮಡಲಿನ ಚಪ್ಪರದ ಕೆಳಗೆ ಅಪ್ಪನ ಕಾರು. ಈಗ ಅಲ್ಲಿಗೆ ಹೋಗುವಂತಿಲ್ಲ. ಜಾಗ ನೌಕಾನೆಲೆಗೆ ಸೇರಿ ಎಷ್ಟೋ ವರ್ಷವಾಯಿತು. ನೀವೂ ಇಂಥದ್ದೊಂದು ಅಂಗಳ ಕಳೆದುಕೊಂಡವರಾದರೆ, ಒಂದು ವಾಸನೆ ಎಷ್ಟು ಕಾಡುತ್ತದೆಂದು ನಿಮಗೆ ಹೇಳಬೇಕಿಲ್ಲ.

ಅಪ್ಪ ಮೀನಿನ ಬೋಟು ನಡೆಸುವ ತಾಂಡೇಲ. ಡೀಸೆಲ್ ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ, ಆ ಜಂಬವೂ ಅವನಿಗೆ ಸಾಕಷ್ಟಿತ್ತು. ಸೆಕೆಂಡ್‌ಹ್ಯಾಂಡ್ ಪೆಟ್ರೋಲ್ ಕಾರು ಕೊಂಡ ಮೇಲೆ ಅದನ್ನೂ ಬೋಟಿನಂತೆಯೇ ನೋಡಿದ. ಉಪ್ಪುಗಾಳಿಗೆ ಅದರ ಏರ್ ಫಿಲ್ಟರಿನ ಡಬ್ಬಿ ತುಕ್ಕು ತಿಂದು ತೂತಾಯಿತು. ಕಾರವಾರದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಕಾಕಾ, ಅಪ್ಪನ ಒಬ್ಬನೇ ತಮ್ಮ, ಗಾಳಿ ಸಲೀಸಾಗಿ ಎಳೆಯುವ ಹೊಸ ಫಿಲ್ಟರ್ ತಂದು ಕೂರಿಸಿದ. ಕೈ ಒರೆಸಿಕೊಳ್ಳುತ್ತ ಹೇಳಿದ, "ಈಗ ಗಾಳಿ ಜಾಸ್ತಿ ಹೋಗ್ತದೆ ದಾದಾ, ಪೆಟ್ರೋಲ್ ಮಾತ್ರ ಮೊದ್ಲಿನಷ್ಟೇ. ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚು ಬಿಡೋ ದೊಡ್ಡ ಜೆಟ್ ಹಾಕಿ ಮತ್ತೆ ಟ್ಯೂನ್ ಮಾಡ್ಬೇಕು. ನಾಳೆ ಸಂಜೆ ತರ್ತೆ. ಅಲ್ಲೀತನ್ಕ ದೂರ ಹೋಗ್ಬೇಡ." ಅಪ್ಪ ನಕ್ಕುಬಿಟ್ಟ. "ನಂಗೇ ಎಂಜಿನ್ ಕಲಿಸ್ತ್ಯನಾ? ಗಾಳಿ ಹೆಚ್ಚಾದ್ರೆ ಒಳ್ಳೇದೇ." ಬೋಟಿನ ಡೀಸೆಲ್ ಎಂಜಿನ್ನಿಗೆ ಆ ಮಾತು ನಿಜವೇ ಆಗಿತ್ತು. ಪೆಟ್ರೋಲ್ ಕಾರಿಗೆ ಮಾತ್ರ ಗಾಳಿಗೆ ತಕ್ಕಷ್ಟು ಪೆಟ್ರೋಲೂ ಬೇಕಿತ್ತು.

ಮರುದಿನ ಬೆಳಿಗ್ಗೆಯೇ ಅಜ್ಜಿಯನ್ನೂ ನಮ್ಮನ್ನೂ ತುಂಬಿಕೊಂಡು, ಅಜ್ಜಿಯ ತವರಾದ ಬೆಳಂಬಾರಕ್ಕೆ ಮದುವೆಗೆಂದು ಹೊರಟ. ಮೊದಲ ಏರಿನಲ್ಲೇ ಎಂಜಿನ್ ಫಟ್ ಫಟ್ ಎಂದು ಹೊಡೆದು, ಕಾದು, ನಿಂತೇಬಿಟ್ಟಿತು. ಬಸ್ಸಿನಲ್ಲಿ ಹೋಗುತ್ತಿದ್ದ ನಮ್ಮ ಕೇರಿಯವರು ಕಿಟಕಿಯಿಂದ ತಲೆ ಹಾಕಿ, "ಏನು ತಾಂಡೇಲ್ರೇ, ಬೋಟು ಮರಳಿಗೆ ಹತ್ತಿತಾ?" ಎಂದು ನಕ್ಕರು. ಅಪ್ಪನ ಮುಖ ಸಣ್ಣಗಾಯಿತು. ಅಜ್ಜಿಗೆ ಮದುವೆಯ ಧಾರೆ ನೋಡುವುದು ತಪ್ಪಿತು. ತಪ್ಪನ್ನು ಒಪ್ಪಿಕೊಳ್ಳಲಾರದೆ ಅಪ್ಪ, ತಮ್ಮನೇ ಕಾರು ಕೆಡಿಸಿದನೆಂದು ಎಲ್ಲರೆದುರು ಹೇಳಿದ.

ಸಂಜೆ ಕಾಕಾ ಜೆಟ್ಟನ್ನು ಕಾಗದದಲ್ಲಿ ಸುತ್ತಿಕೊಂಡು ಬಂದ. ಅವನನ್ನು ಕಂಡದ್ದೇ ಅಪ್ಪ ಒಳಕೋಣೆಗೆ ಹೋಗಿ, "ನಾ ಇಲ್ಲ ಅಂತ ಹೇಳು" ಎಂದ. ನನಗಾಗ ಹತ್ತು ವರ್ಷ. ಹೊಸ ಲಂಗ ಉಟ್ಟು ಮಧ್ಯಾಹ್ನದವರೆಗೆ ರಸ್ತೆ ಬದಿ ಕೂತ ಸಿಟ್ಟು ನನಗೂ ಇತ್ತು. "ಅಪ್ಪ ಮನೇಲಿಲ್ಲ" ಎಂದು ಕಾಕಾನ ಮುಖಕ್ಕೇ ಕದ ಹಾಕಿದೆ. ಕಾರನ್ನು ಆಮೇಲೆ ಬೇರೆ ಯಾರೋ ಟ್ಯೂನ್ ಮಾಡಿದರು. ನೌಕಾನೆಲೆಗಾಗಿ ಊರು ಬಿಡುವಾಗ ಅಣ್ಣತಮ್ಮಂದಿರು ಅಕ್ಕಪಕ್ಕ ಮನೆ ಕಟ್ಟುವ ಮಾತಿತ್ತು. ತಮ್ಮ ಬಂದು ಕೇಳಲಿ ಎಂದು ಅಪ್ಪ ಕಾದ, ಅಣ್ಣ ಕರೆಯಲಿ ಎಂದು ಕಾಕಾ ಕಾದ. ಕೊನೆಗೆ ಕಾಕಾ ಬೆಳಂಬಾರದಲ್ಲಿ ಮನೆ ಮಾಡಿದ. ಅಪ್ಪ ಸಾಯುವವರೆಗೂ ಅವರ ನಡುವೆ ಮಾತಿರಲಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹೋದ ಬೇಸಿಗೆಯಲ್ಲಿ ಬೆಳಂಬಾರಕ್ಕೆ ಹೋಗಿ, ಕಾಕಾನ ಎದುರು ಕೂತು, ಅಂದು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡೆ. ಅವನು ನನ್ನ ಮುಖ ನೋಡಲಿಲ್ಲ.

"ಗೊತ್ತಿತ್ತು ತಂಗಿ. ದಾದಾ ಒಳಗೆ ಕೆಮ್ಮಿದ್ದು ಕೇಳಿತ್ತು. ನೀನಾದ್ರೂ ಒಳಗೆ ಕರೀತ್ಯ ಅಂತ ಸುಮಾರು ಹೊತ್ತು ಹೊರಗೇ ನಿಂತಿದ್ದೆ."